ವಾಲೇಸನೂ ಸ್ವರ್ಗಪಕ್ಷಿಯೂ

ಕ್ರಿ. ಶ. 1862ನೆಯ ಇಸವಿಯ ಮಾತು. ನಮ್ಮ ಮುಂಬಯಿಯಿಂದ ಠಾಣೆಗೆ ರೈಲುಗಾಡಿ ಓಡತೊಡಗಿ ಒಂಬತ್ತು ವರ್ಷಗಳಾಗಿದ್ದವು. ಕ್ರಾಫರ್ಡ್ ಮಾರ್ಕೆಟ್ಟಿನ ಕಟ್ಟಡ ಇನ್ನೂ ಎದ್ದಿರಲಿಲ್ಲ. ಆಗ ಸಿಂಗಾಪುರದಿಂದ ಇಂಗ್ಲೆಂಡಿಗೆ ಹೊರಟಿದ್ದ ಓರ್ವ ಎತ್ತರದ ನಿಲುವಿನ, ಗಡ್ಡ ಬಿಟ್ಟು ಕನ್ನಡಕ ಧರಿಸಿದ್ದ ಪ್ರವಾಸಿಯು ಈ ನಗರದಲ್ಲಿ ಇಳಿದು ಒಂದು ವಾರ ತಂಗಿದನು. ಅವನ ಸಂಗಡ ಎರಡು ಜೀವಂತ ಹಕ್ಕಿಗಳಿದ್ದವು. ನ್ಯೂಗಿನಿಯ ಕಡೆಯ ಕಾಡುಗಳಲ್ಲಿ ಮಾತ್ರ ದೊರೆಯುವ, ಬಂಗಾರದ ಬಣ್ಣದ ನವಿರಾದ ಗರಿಗಳ ಸ್ವರ್ಗಪಕ್ಷಿಗಳು ಅವು; ಎರಡೂ ಗಂಡು. ಆತನು ಮುಂಬಯಿಯಲ್ಲಿ ಇಳಿದದ್ದು ದಣಿವಾರಿಸಿಕೊಳ್ಳುವುದಕ್ಕೆ ಎಷ್ಟೋ, ಆ ಹಕ್ಕಿಗಳಿಗೆ ಹೊಸ ಬಾಳೆಹಣ್ಣು ಕೊಳ್ಳುವುದಕ್ಕೂ ಅಷ್ಟೇ. ಹಣ್ಣು ದೊರೆತವು. ಆದರೆ ಹಕ್ಕಿಗಳಿಗೆ ಹುಳುಹುಪ್ಪಟೆಯ ಆಹಾರವೂ ಬೇಕಾಗಿದ್ದಿತು. ಪುಣ್ಯಕ್ಕೋ ಪಾಪಕ್ಕೋ ಆ ಉಗಿಹಡಗು ಬಹಳ ಶುಚಿಯಾಗಿತ್ತು! ರಾತ್ರಿಯ ವೇಳೆ ಉಗ್ರಾಣದಲ್ಲಿ ಬೋನುಗಳನ್ನಿಟ್ಟು, ಹಡಗಿನ ಮುಂಭಾಗದಲ್ಲಿ ಒಂದು ತಾಸು ತಡಕಾಡಿ, ಆತನು ಜಿರಲೆಗಳನ್ನು ಹಿಡಿಯುತ್ತಿದ್ದನು. ಮಾಲ್ಟಾ ದ್ವೀಪದಲ್ಲಿ ಒಂದು ರೊಟ್ಟಿಭಟ್ಟಿಯಿಂದ ಬಿಸ್ಕತ್ತಿನ ಡಬ್ಬಿಗಳ ತುಂಬ ಜಿರಲೆ ಸಿಕ್ಕ ಮೇಲೆಯೇ ಅವನಿಗೆ ನೆಮ್ಮದಿ. ಹಕ್ಕಿಗಳು ಲಂಡನ್ ನಗರವನ್ನು ಬದುಕಿಕೊಂಡು ಮುಟ್ಟಿದವು. ಅಲ್ಲಿಯ ಪ್ರಾಣಿಸಂಗ್ರಹಾಲಯದಲ್ಲಿ ಒಂದು ಒಂದು ವರ್ಷ, ಇನ್ನೊಂದು ಎರಡು ವರ್ಷ ಬಾಳಿ, ಗರಿಗಳನ್ನು ಕೆದರಿ ಕುಣಿದು ಜನರನ್ನು ಬೆರಗುಗೊಳಿಸಿದವು.

ಆ ಪ್ರವಾಸಿಯ ಹೆಸರು ಆಲ್‌ಫ್ರೆಡ್ ರಸಲ್ ವಾಲೇಸ್. ಜೀವಿಗಳು ಕಾಲಾಂತರದಲ್ಲಿ ಮಾರ್ಪಟ್ಟು ಹೊಸ ಜಾತಿಗಳಾಗುತ್ತವೆಂಬುದಕ್ಕೆ ಚಾರ್ಲ್ಸ್ ಡಾರ್ವಿನ್ನನು ಕಂಡುಕೊಂಡ ಕಾರಣವನ್ನೇ ತಾನೂ ಸ್ವತಂತ್ರವಾಗಿ ಕಂಡುಕೊಂಡವನು. ಆದರೆ ಆ ಎರಡು ಹಕ್ಕಿಗಳ ಗರಿಗಳು ಅಷ್ಟು ಚೆಲುವಾದುದು ಹೇಗೆಂಬ ಒಂದು ಪ್ರಶ್ನೆಯಲ್ಲಿ ಆ ಇಬ್ಬರು ಮಹನೀಯರಿಗೆ ಕೊನೆಯವರೆಗೂ ಒಮ್ಮತವಾಗಲಿಲ್ಲ. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಆ ಭಿನ್ನಾಭಿಪ್ರಾಯದ ಕಥೆಯನ್ನು.

ವಾಲೇಸನು 1823ನೆಯ ಇಸವಿ ಜನವರಿ 8ರಂದು ವೇಲ್ಸ್ ಪ್ರಾಂತದ ಅಸ್ಕ್ ಎಂಬ ಊರಿನ ಹತ್ತಿರ ಜನಿಸಿದನು. ಒಂಬತ್ತು ಮಕ್ಕಳಲ್ಲಿ ಎಂಟನೆಯವನು. ತಂದೆಯ ಸಂಪತ್ತು ಕರಗಿಹೋಗಿದ್ದುದರಿಂದ ಹದಿನಾಲ್ಕರ ವಯಸ್ಸಿಗೇ ಶಾಲೆ ಮುಗಿಯಿತು. ಅಣ್ಣ ವಿಲಿಯಮ್ಮನೊಡನೆ ಊರೂರು ಅಲೆದು ಭೂಮಿಯ ಮೋಜಣಿ ಮಾಡುವುದೇ ಕಸುಬಾಯಿತು. ಹೊಲ ಬೆಟ್ಟಗಳಲ್ಲಿ ಸರಪಳಿ ಹಿಡಿದು ನಡೆಯುವಾಗ ಕಾಲಡಿಯ ಗಿಡಗಳ ಹೆಸರು ತಿಳಿಯಬೇಕೆಂಬ ಹಂಬಲ ಹುಟ್ಟಿತು. ಕಾಲೇಜಿನ ಮೆಟ್ಟಿಲನ್ನು ಆತನು ಹತ್ತಲಿಲ್ಲ. ಅಗ್ಗದ ಒಂದು ಸಸ್ಯಶಾಸ್ತ್ರದ ಪುಸ್ತಕ, ಊರಿನ ವಾಚನಾಲಯ, ಇವೇ ಅವನ ಗುರುಗಳು. 1844ರಲ್ಲಿ ಲೆಸ್ಟರ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ ಹೆನ್ರಿ ಬೇಟ್ಸ್ ಎಂಬ ತರುಣನ ಪರಿಚಯವಾಯಿತು. ಬೇಟ್ಸನಿಗೆ ಜೀರುಂಡೆಗಳ ಹುಚ್ಚು. ಆ ಹುಚ್ಚು ವಾಲೇಸನಿಗೂ ಹತ್ತಿತು. ಇಬ್ಬರೂ 1848ರಲ್ಲಿ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಕಾಡುಗಳಿಗೆ ಹಡಗು ಹತ್ತಿದರು. ಹಕ್ಕಿ, ಚಿಟ್ಟೆ, ಜೀರುಂಡೆಗಳನ್ನು ಹಿಡಿದು ಕಳುಹಿಸಿ, ಮಾರಾಟದಿಂದ ಬಂದ ಹಣದಲ್ಲಿ ಹೊಟ್ಟೆ ಹೊರೆಯುವುದು ಮತ್ತು ಒಂದು ಜಾತಿಯಿಂದ ಇನ್ನೊಂದು ಜಾತಿ ಹೇಗೆ ಉಂಟಾಗುವುದೆಂಬ ಗುಟ್ಟನ್ನು ಅರಸುವುದು ಅವರ ಸಂಕಲ್ಪ.

ನಾಲ್ಕು ವರ್ಷಗಳ ದುಡಿಮೆಗೆ ಬಂದ ಫಲವು ದಾರುಣವಾದುದು. ನೆರವಿಗೆಂದು ಬಂದ ತಮ್ಮ ಹರ್ಬರ್ಟನು 1851ರಲ್ಲಿ ಹಳದಿಜ್ವರದಿಂದ ತೀರಿಕೊಂಡನು. ಮರುವರ್ಷ ವಾಲೇಸನು ತನ್ನ ಅತ್ಯುತ್ತಮ ಸಂಗ್ರಹಗಳೊಡನೆ ಹೆಲೆನ್ ಎಂಬ ಹಡಗಿನಲ್ಲಿ ಊರಿಗೆ ಹೊರಟಿದ್ದಾಗ, ಆಗಸ್ಟ್ 6ರಂದು ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಹತ್ತಿತು. ಕೆಲವು ಚಿತ್ರಗಳೂ ಟಿಪ್ಪಣಿಗಳೂ ಇದ್ದ ಒಂದು ತಗಡಿನ ಪೆಟ್ಟಿಗೆಯನ್ನು ಮಾತ್ರ ಎತ್ತಿಕೊಂಡು ದೋಣಿಗೆ ಇಳಿದನು. ಹತ್ತು ದಿನ ತೆರೆದ ದೋಣಿಯಲ್ಲಿ ಬಿಸಿಲಿಗೆ ಬೆಂದ ಮೇಲೆ ಇನ್ನೊಂದು ಹಡಗು ಅವರನ್ನು ಕಂಡು ಕಾಪಾಡಿತು. ಲಂಡನ್ನಿನ ಮಾರಾಟದ ಪ್ರತಿನಿಧಿಯು ಮುಂದಾಲೋಚನೆಯಿಂದ 200 ಪೌಂಡುಗಳ ವಿಮೆ ಇಳಿಸಿದ್ದುದರಿಂದ ಅನ್ನಕ್ಕೆ ಕುಂದುಬರಲಿಲ್ಲ. ಇನ್ನು ಮುಂದೆ ಕಡಲಿಗೆ ಇಳಿಯೆನೆಂದು ಆ ದಿನಗಳಲ್ಲಿ ಎಷ್ಟೋ ಸಲ ನಿಶ್ಚಯಿಸಿಕೊಂಡವನು, 1854ರಲ್ಲಿ ಸಿಂಗಾಪುರದ ದಂಡೆಯಲ್ಲಿ ನಿಂತಿದ್ದನು!

ಮಲಯ ದ್ವೀಪಸಮೂಹದಲ್ಲಿ ಎಂಟು ವರ್ಷ, ಸುಮಾರು 14,000 ಮೈಲಿಗಳ ಸಂಚಾರ, ಒಂದೂಕಾಲು ಲಕ್ಷಕ್ಕೂ ಮಿಕ್ಕಿದ ಪ್ರಾಣಿಮಾದರಿಗಳ ಸಂಗ್ರಹ. ಸಾರವಾಕಿನ ಆಲಿ ಎಂಬ ಮಲಯ ತರುಣನು ಅಡಿಗೆಯವನಾಗಿ ಬಂದು, ಕ್ರಮೇಣ ವಾಲೇಸನ ಬಲಗೈಯಾದನು. ಇಂದು ವಾಲೇಸನ ಹೆಸರನ್ನು ಹೊತ್ತಿರುವ ಒಂದು ಸ್ವರ್ಗಪಕ್ಷಿಯನ್ನು ಬಾಚಾನ್ ದ್ವೀಪದಲ್ಲಿ ಮೊದಲು ಹೊಡೆದು ತಂದವನು ಆ ಆಲಿಯೇ. ಬಾಲಿ ಮತ್ತು ಲೊಂಬೋಕ್ ದ್ವೀಪಗಳ ನಡುವಿನ ಕಿರಿಯ ಕಡಲನ್ನು ದಾಟಿದೊಡನೆ ಏಷ್ಯದ ಹಕ್ಕಿಗಳು ಹೋಗಿ ಆಸ್ಟ್ರೇಲಿಯದ ಕಡೆಯ ಹಕ್ಕಿಗಳು ಕಾಣತೊಡಗುವುದನ್ನು ವಾಲೇಸನು ಗುರುತಿಸಿದನು. ನಕ್ಷೆಯಲ್ಲಿ ಆ ಗಡಿಗೆ ಇಂದಿಗೂ ಅವನ ಹೆಸರಿದೆ. ಅದಕ್ಕಿಂತ ನಮ್ಮ ಕಥೆಗೆ ಮುಖ್ಯವಾದುದು 1857ರಲ್ಲಿ ಆರು ದ್ವೀಪಗಳಲ್ಲಿ ಅವನು ಕಂಡ ನೋಟ. (ಆರು ಎಂಬುದು ಸಂಖ್ಯೆಯಲ್ಲ, ಆ ದ್ವೀಪಗಳ ಹೆಸರೇ ಹಾಗೆ.) ಅಲ್ಲಿ ಹೆಮ್ಮರಗಳ ಹರವಾದ ಕೊಂಬೆಗಳ ಮೇಲೆ ಹತ್ತಿಪ್ಪತ್ತು ಗಂಡು ಸ್ವರ್ಗಪಕ್ಷಿಗಳು ಬೆಳಗಿನ ಹೊತ್ತು ಒಟ್ಟಾಗಿ ಸೇರುತ್ತವೆ. ರೆಕ್ಕೆಗಳನ್ನು ಬೆನ್ನ ಮೇಲೆತ್ತಿ, ಕತ್ತು ಚಾಚಿ, ಉದ್ದನೆಯ ಗರಿಗಳನ್ನು ಎರಡು ಬಂಗಾರದ ಬೀಸಣಿಗೆಗಳಂತೆ ಹರಡಿ ನಡುಗಿಸುತ್ತವೆ. ಇದನ್ನು ಕಂಡು ಪುಸ್ತಕದಲ್ಲಿ ವಿವರವಾಗಿ ವರ್ಣಿಸಿದ ಯೂರೋಪಿಯನ್ನರಲ್ಲಿ ವಾಲೇಸನು ಮೊದಲಿಗನೆನ್ನಬಹುದು.

ಮರುವರ್ಷ, 1858ರ ಫೆಬ್ರವರಿಯಲ್ಲಿ, ಚಳಿಜ್ವರದಿಂದ ಹಾಸಿಗೆ ಹಿಡಿದಿದ್ದಾಗ, ಹಿಂದೆ ಓದಿದ್ದ ಮಾಲ್ಥಸನ ಜನಸಂಖ್ಯೆಯ ಗ್ರಂಥವು ಅವನ ನೆನಪಿಗೆ ಬಂದಿತು. ಹುಟ್ಟುವ ಜೀವಿಗಳೆಲ್ಲ ಬದುಕಿದರೆ ಭೂಮಿಯ ಮೇಲೆ ಕಾಲಿಡಲು ಸ್ಥಳವಿರದು, ಬಹುಪಾಲು ಅಳಿಯಲೇಬೇಕು. ಹಾಗಾದರೆ ಉಳಿಯುವವು ಯಾವುವು? ಪರಿಸರಕ್ಕೆ ಸ್ವಲ್ಪವಾದರೂ ಹೆಚ್ಚು ಹೊಂದುವಂಥವು. ಅವುಗಳ ಸಂತಾನವೇ ಮುಂದುವರಿಯುವುದು. ತಲೆಮಾರುಗಳ ಮೇಲೆ ತಲೆಮಾರು ಹೀಗೆಯೇ ನಡೆದರೆ ಜಾತಿಯೇ ಮಾರ್ಪಡುವುದು. ಜ್ವರ ಇಳಿದೊಡನೆ ಬರೆದು ಮುಗಿಸಿ, ಟರ್ನಾಟೆ ದ್ವೀಪದಿಂದ ಅದನ್ನು ಡಾರ್ವಿನ್ನನಿಗೇ ಅಂಚೆಯಲ್ಲಿ ಕಳುಹಿಸಿದನು. ಇಪ್ಪತ್ತು ವರ್ಷಗಳಿಂದ ಇದೇ ವಿಚಾರವನ್ನು ಗುಟ್ಟಾಗಿ ಬೆಳೆಸಿಕೊಂಡು ಬಂದಿದ್ದ ಡಾರ್ವಿನ್ನನು ಜೂನ್ ತಿಂಗಳಲ್ಲಿ ಅದನ್ನೋದಿ ಸ್ತಬ್ಧನಾದನು. ಅವನ ಗೆಳೆಯರು ಇಬ್ಬರ ಬರಹಗಳನ್ನೂ ಒಟ್ಟಿಗೆ 1858 ಜುಲೈ 1ರಂದು ಲಿನಿಯನ್ ಸಂಘದ ಸಭೆಯಲ್ಲಿ ಓದಿಸಿದರು. ಸಭೆಯಲ್ಲಿ ಲೇಖಕರಿಬ್ಬರೂ ಇರಲಿಲ್ಲ. ಡಾರ್ವಿನ್ನನ ಹಸುಗೂಸು ಮೂರು ದಿನಗಳ ಹಿಂದಷ್ಟೇ ತೀರಿಹೋಗಿತ್ತು. ವಾಲೇಸನು ಸಾವಿರಾರು ಮೈಲಿ ದೂರದಲ್ಲಿದ್ದನು. ಅವನ ಅನುಮತಿಯನ್ನು ಯಾರೂ ಕೇಳಿರಲಿಲ್ಲ, ಕೇಳಲು ಕಾಲವೂ ಇರಲಿಲ್ಲ. ವಿಷಯ ತಿಳಿದ ಮೇಲೆ ಆತನು ಅಸಮಾಧಾನವನ್ನು ತೋರದೆ ಸಂತೋಷವನ್ನೇ ಪಟ್ಟನು. ಮರುವರ್ಷ ಹೊರಬಂದ ಡಾರ್ವಿನ್ನನ ಗ್ರಂಥವನ್ನು ಬಾಯ್ತುಂಬ ಹೊಗಳಿದನು. ಮಲಯ ದ್ವೀಪಗಳ ಮೇಲೆ ತಾನು ಬರೆದ ದೊಡ್ಡ ಪ್ರವಾಸಗ್ರಂಥವನ್ನು 1869ರಲ್ಲಿ ಡಾರ್ವಿನ್ನನಿಗೇ ಅರ್ಪಿಸಿದನು.

ಇಷ್ಟು ಗೌರವವಿದ್ದವನು ಗುರುವಿನ ಮಾತಿಗೆಲ್ಲ ತಲೆಯಾಡಿಸುವ ಶಿಷ್ಯನಾಗಿರಬಹುದೆಂದು ಯಾರಿಗಾದರೂ ತೋರಬಹುದು. ಹಾಗಿರಲಿಲ್ಲ.

ಪ್ರಾಣಿಗಳು ಬದಲಾಗಿವೆ, ನಿಸರ್ಗದ ಆಯ್ಕೆಯು ಅದಕ್ಕೆ ದೊಡ್ಡ ಕಾರಣ, ಎಂಬುದರಲ್ಲಿ ಇಬ್ಬರಿಗೂ ಸಂದೇಹವಿರಲಿಲ್ಲ. ತೊಡಕು ಬಂದದ್ದು ಸೌಂದರ್ಯದ ವಿಷಯದಲ್ಲಿ. ಗಂಡುನವಿಲಿನ ಗರಿಯ ಭಾರವನ್ನು ನೋಡಿರಿ. ಓಡಲು ಹಾರಲು ಅದು ಅಡ್ಡಿ; ಕಾಡುಬೆಕ್ಕಿಗೂ ಹುಲಿಗೂ ದೂರದಿಂದಲೇ ಕಾಣುವುದು. ಬದುಕಿಗೆ ಅನುಕೂಲವಾದುದೇ ಉಳಿಯುವುದಾದರೆ ಈ ಹೊರೆ ಹೇಗೆ ಉಳಿಯಿತು? ಡಾರ್ವಿನ್ನನು ಕೊಟ್ಟ ಉತ್ತರ ಇದು: ಹೆಣ್ಣುಹಕ್ಕಿಗಳು ಚೆಲುವಾದ ಗಂಡನ್ನೇ ಆರಿಸಿಕೊಳ್ಳುತ್ತವೆ, ಆದ್ದರಿಂದ ಚೆಲುವಾದವುಗಳಿಗೇ ಮರಿಗಳು ಹೆಚ್ಚು, ಹೀಗೆ ಅಸಂಖ್ಯ ತಲೆಮಾರುಗಳಲ್ಲಿ ಗರಿ ಬೆಳೆಯುತ್ತ ಬಂದಿತು. ಇದನ್ನು 1871ರ ತನ್ನ ಗ್ರಂಥದಲ್ಲಿ ಆತನು ವಿಸ್ತಾರವಾಗಿ ಪ್ರತಿಪಾದಿಸಿದನು.

ಅದಕ್ಕೆ ನಾಲ್ಕು ವರ್ಷ ಮುಂಚೆಯೇ ಡಾರ್ವಿನ್ನನನ್ನು ಒಂದು ಸಣ್ಣ ಹುಳು ಕಾಡಿತ್ತು. ಕೆಲವು ಪತಂಗಗಳ ಮರಿಹುಳುಗಳಿಗೆ ಕಣ್ಣು ಕೋರೈಸುವ ಕೆಂಪು, ಹಳದಿ ಪಟ್ಟೆಗಳಿರುತ್ತವೆ. ಮರಿಹುಳುವಿಗೆ ಇನ್ನೂ ಮದುವೆಯ ಯೋಚನೆಯಿಲ್ಲ! ಹೆಣ್ಣಿನ ಮೆಚ್ಚುಗೆ ಇಲ್ಲಿ ಕಾರಣವಾಗಲಾರದು. ಬೇಟ್ಸನನ್ನು ಕೇಳಿದಾಗ, ವಾಲೇಸನನ್ನು ಕೇಳಬೇಕೆಂದು ಅವನು ಸೂಚಿಸಿದನು. ವಾಲೇಸನ ಉತ್ತರ ಕೂಡಲೇ ಬಂದಿತು. ಆ ಹುಳುಗಳು ಬಾಯಿಗೆ ಕಹಿಯಾಗಿರಬೇಕು. ಆದರೆ ಹಕ್ಕಿಯೊಂದು ಕುಕ್ಕಿ ರುಚಿನೋಡಿ ಬಿಟ್ಟರೂ ಮೆತ್ತನೆಯ ಹುಳು ಸತ್ತೇಹೋಗುವುದು. ಕುಕ್ಕುವ ಮೊದಲೇ ಹಕ್ಕಿಗೆ ಎಚ್ಚರಿಕೆ ಸಿಗಬೇಕು. ಬಣ್ಣವೇ ಆ ಎಚ್ಚರಿಕೆ. 1867ರಲ್ಲಿ ಕೀಟಶಾಸ್ತ್ರಜ್ಞರ ಸಂಘದಲ್ಲಿ ವಾಲೇಸನು ಈ ಊಹೆಯನ್ನು ಮುಂದಿಟ್ಟು, ಇದು ನಿಜವೋ ಸುಳ್ಳೋ ಪರೀಕ್ಷಿಸಿ ನೋಡಿರೆಂದು ಸದಸ್ಯರನ್ನು ಕೇಳಿಕೊಂಡನು. ಜೆನ್ನರ್ ವಿಯರ್ ಎಂಬ ಸದಸ್ಯನು ತಾನು ಸಾಕಿದ್ದ ಹಕ್ಕಿಗಳ ಮುಂದೆ ಬಗೆಬಗೆಯ ಹುಳುಗಳನ್ನು ಹಾಕಿ ನೋಡಿ, 1869ರಲ್ಲಿ ವರದಿ ಮಾಡಿದನು: ಮಾಸಲು ಬಣ್ಣದ ನುಣುಪು ಹುಳುಗಳನ್ನು ಹಕ್ಕಿಗಳು ಚಪ್ಪರಿಸಿದವು, ಬಣ್ಣದ ಹುಳುಗಳನ್ನು ಮುಟ್ಟಲಿಲ್ಲ. ಡಾರ್ವಿನ್ನನಿಗೆ ಇದು ಬಹಳ ಮೆಚ್ಚುಗೆಯಾಯಿತು. ಎರಡು ವರ್ಷಗಳಲ್ಲಿ ಒಂದು ವಿವಾದವು ಹೀಗೆ ಬಗೆಹರಿಯುವುದು ವಿಜ್ಞಾನದಲ್ಲಿ ಅಪರೂಪ. ಊಹೆಯು ಪರೀಕ್ಷೆಗೆ ಒಳಗಾಗುವಂತೆ ಇದ್ದುದೇ ಇದಕ್ಕೆ ಕಾರಣವೆಂದು ನನ್ನ ಎಣಿಕೆ.

ಹುಳುವಿನ ಗೆಲುವು ವಾಲೇಸನಿಗೆ ಧೈರ್ಯ ಕೊಟ್ಟಿತು. ಹಕ್ಕಿಗಳ ಬಣ್ಣಕ್ಕೂ ರಕ್ಷಣೆಯೇ ಕಾರಣವೇಕಾಗಬಾರದು? ಡಾರ್ವಿನ್ನನು ಗಂಡು ಏಕೆ ಬಣ್ಣದ್ದೆಂದು ಕೇಳಿದ್ದನು. ವಾಲೇಸನು ಪ್ರಶ್ನೆಯನ್ನೇ ತಿರುವಿ, ಹೆಣ್ಣು ಏಕೆ ಮಂಕೆಂದು ಕೇಳಿದನು. ಬಯಲಾದ ಗೂಡಿನಲ್ಲಿ ಮೊಟ್ಟೆಗೆ ಕಾವು ಕೊಡುವ ಹೆಣ್ಣು ಶತ್ರುವಿನ ಕಣ್ಣಿಗೆ ಬೀಳಬಾರದು, ಆದ್ದರಿಂದ ಅದರ ಬಣ್ಣ ಮಸುಕಾಯಿತು. ಇದಕ್ಕೆ ಅವನು ಕೊಟ್ಟ ಸಾಕ್ಷ್ಯವು ಸೊಗಸಾದುದು. ಮಣ್ಣುದಿಬ್ಬದ ಬಿಲದಲ್ಲಿ ಗೂಡುಮಾಡುವ ಮಿಂಚುಳ್ಳಿ, ಮರದ ಪೊಟರೆಯಲ್ಲಿರುವ ಗಿಳಿ, ಇವುಗಳಲ್ಲಿ ಹೆಣ್ಣೂ ಬಹುಮಟ್ಟಿಗೆ ಗಂಡಿನಷ್ಟೇ ಬಣ್ಣದ್ದು. ಮರೆಯಲ್ಲಿ ಕುಳಿತುಕೊಳ್ಳುವುದಕ್ಕೆ ಮಸುಕಿನ ಅಗತ್ಯವೇನು? ಇನ್ನು ಗಂಡಿನ ವಿಶೇಷ ಗರಿಗಳೋ, ಬಲಿಷ್ಠ ದೇಹದಲ್ಲಿ ಉಕ್ಕಿಬರುವ ಚೈತನ್ಯದ ಫಲ ಎಂದು ಆತನು ವಾದಿಸಿದನು. ಹೆಣ್ಣುಹಕ್ಕಿಯು ಎರಡು ಗಂಡುಗಳ ಗರಿಯ ಅತಿಸೂಕ್ಷ್ಮ ವ್ಯತ್ಯಾಸವನ್ನು ಗಮನಿಸಿ, ಸಾವಿರಾರು ತಲೆಮಾರುಗಳವರೆಗೆ ಒಂದೇ ಅಭಿರುಚಿಯನ್ನು ಕಾಯ್ದುಕೊಳ್ಳುವುದೆಂಬುದು ಅವನಿಗೆ ನಂಬಲಾಗದ ಮಾತು. ಹಾಗೆ ಆರಿಸುವುದನ್ನು ಕಂಡವರು ಯಾರು? ಆರು ದ್ವೀಪದ ಮರದ ಕೆಳಗೆ ನಿಂತು ಗಂಡುಗಳ ಕುಣಿತವನ್ನು ಬಣ್ಣಿಸಿದವನೇ ಹೀಗೆ ಕೇಳಿದನೆಂಬುದನ್ನು ನೆನೆದರೆ ನಗುವೂ ಬರುತ್ತದೆ, ಗೌರವವೂ ಉಂಟಾಗುತ್ತದೆ. ಕಾಣದಿದ್ದುದನ್ನು ಕಂಡೆನೆಂದು ಅವನು ಹೇಳಲಿಲ್ಲ.

ಪತ್ರಗಳು ಹೋದವು, ಬಂದವು. 1868ರಲ್ಲಿ ಡಾರ್ವಿನ್ನನು ಒಮ್ಮೆ ವಾಲೇಸನ ಕಡೆಗೆ ವಾಲಿ, ಮತ್ತೆ ತನ್ನ ಪಕ್ಷಕ್ಕೆ ಮರಳಿದನು. ಹೀಗೆ ತೂಗಾಡುವುದು ಅವನಿಗೆ ನೋವನ್ನೇ ತಂದಿತು. ತಮ್ಮಿಬ್ಬರ ನಡುವಿನ ಭೇದವನ್ನು ಕಂಡು ಹೊರಗಿನವರು ಸಿದ್ಧಾಂತವೇ ಸುಳ್ಳೆಂದು ಆಡಿಕೊಳ್ಳುವರೆಂಬ ಅಳುಕೂ ಇದ್ದಿತು. ಅಂಥವರು ಆಗಲೂ ಇದ್ದರು, ಈಗಲೂ ಇದ್ದಾರೆ. ಇಬ್ಬರು ವೈದ್ಯರು ಜ್ವರದ ಕಾರಣವನ್ನು ಕುರಿತು ವಾದಿಸಿದರೆ ರೋಗಿಗೆ ಜ್ವರವೇ ಇಲ್ಲವೆಂದು ಅರ್ಥವಾಗುವುದೆ?

ಇನ್ನೊಂದು ಭೇದವು ಇದಕ್ಕಿಂತ ಆಳವಾದುದು. ಮನುಷ್ಯನ ಮಿದುಳನ್ನು ನಿಸರ್ಗದ ಆಯ್ಕೆಯೊಂದೇ ರೂಪಿಸಲಾರದೆಂದು 1869ರಲ್ಲಿ ವಾಲೇಸನು ಪ್ರಕಟಿಸಿದನು. ಅವನ ಕಾಲದ ಬಿಳಿಯರು ಕಾಡಿನ ಜನರನ್ನು ಕೀಳೆಂದು ಬಗೆಯುತ್ತಿದ್ದರು. ಅವರ ನಡುವೆ ವರ್ಷಗಟ್ಟಲೆ ಬಾಳಿದ ವಾಲೇಸನಿಗೆ ಗೊತ್ತಿತ್ತು, ಅವರ ಮಿದುಳು ಯೂರೋಪಿನ ಪಂಡಿತನದಕ್ಕೆ ಕಡಿಮೆಯದಲ್ಲವೆಂದು. ಗಣಿತ ಸಂಗೀತಗಳಿಗೆ ಸಾಲುವಷ್ಟು ಮಿದುಳು, ಅವುಗಳ ಬಳಕೆಯಿಲ್ಲದ ಬದುಕಿನಲ್ಲಿ ಹೇಗೆ ಬೆಳೆದೀತು? ಯಾವುದೋ ಉನ್ನತ ಶಕ್ತಿಯ ಕೈವಾಡವಿರಬೇಕೆಂದು ಆತನು ತೀರ್ಮಾನಿಸಿದನು. ಡಾರ್ವಿನ್ನನು ಇದನ್ನೋದಿ ಬಹಳ ಮರುಗಿದನು. ವಾಲೇಸನು ಆ ವೇಳೆಗೆ ಪ್ರೇತಾತ್ಮಗಳೊಡನೆ ಮಾತನಾಡುವವರ ಕೂಟಗಳನ್ನು ನಂಬತೊಡಗಿದ್ದನು. ಮುಂದೆ ಸಿಡುಬಿನ ಲಸಿಕೆಯನ್ನೂ ವಿರೋಧಿಸಿದನು. ಇದು ಅವನ ದೊಡ್ಡ ತಪ್ಪು, ಮರೆಮಾಚಬೇಕಾದುದಿಲ್ಲ. ಆದರೆ ಮಿದುಳನ್ನು ಕುರಿತ ಪ್ರಶ್ನೆಯಲ್ಲಿ ಹುರುಳಿತ್ತು. ಬೇಟೆಗಾಗಿ ಬೆಳೆಯಿತೋ, ಗುಂಪಿನ ಬಾಳಿಗಾಗಿಯೋ, ಭಾಷೆಗಾಗಿಯೋ, ಬೇಯಿಸಿದ ಆಹಾರದ ಬಲದಿಂದಲೋ ಎಂದು ವಿಜ್ಞಾನಿಗಳು ಇಂದಿಗೂ ಚರ್ಚಿಸುತ್ತಿದ್ದಾರೆ. ವಾಲೇಸನ ಪ್ರಶ್ನೆ ಉಳಿಯಿತು, ಅವನ ಉತ್ತರ ಉಳಿಯಲಿಲ್ಲ.

ಇಷ್ಟೆಲ್ಲ ಆದರೂ ಸ್ನೇಹ ಮುರಿಯಲಿಲ್ಲ. ವಾಲೇಸನಿಗೆ ಖಾಯಂ ಉದ್ಯೋಗವೆಂಬುದು ಎಂದೂ ದೊರೆಯಲಿಲ್ಲ. ಹಕ್ಕಿಗಳನ್ನು ಮಾರಿ ಗಳಿಸಿದುದೂ ಕೆಟ್ಟ ವ್ಯವಹಾರಗಳಲ್ಲಿ ಹೋಯಿತು. ಆಗ ಡಾರ್ವಿನ್ನನು ಗೆಳೆಯರ ಸಹಿ ಕೂಡಿಸಿ, ಪ್ರಧಾನಿಗೆ ಮನವಿ ಸಲ್ಲಿಸಿ, 1881ರಲ್ಲಿ ವಾಲೇಸನಿಗೆ 200 ಪೌಂಡುಗಳ ವರ್ಷಾಸನವನ್ನು ಕೊಡಿಸಿದನು. ಮರುವರ್ಷ ಏಪ್ರಿಲಿನಲ್ಲಿ ಡಾರ್ವಿನ್ನನು ತೀರಿಕೊಂಡಾಗ, ವೆಸ್ಟ್‌ಮಿನ್ಸ್ಟರ್ ಮಂದಿರದಲ್ಲಿ ಶವಪೆಟ್ಟಿಗೆಯ ಜೊತೆಯಲ್ಲಿ ನಡೆದವರಲ್ಲಿ ವಾಲೇಸನೂ ಒಬ್ಬನು. 1889ರಲ್ಲಿ ನಿಸರ್ಗದ ಆಯ್ಕೆಯನ್ನು ಸಮರ್ಥಿಸಿ ಬರೆದ ಗ್ರಂಥಕ್ಕೆ ತನ್ನ ಹೆಸರನ್ನಿಡದೆ ಡಾರ್ವಿನ್ನನ ಹೆಸರನ್ನೇ ಇಟ್ಟನು. ಆದರೆ ಅದೇ ಗ್ರಂಥದಲ್ಲಿ ಹೆಣ್ಣುಹಕ್ಕಿಯ ಆಯ್ಕೆಯ ಮಾತನ್ನು ಮತ್ತೊಮ್ಮೆ ತಳ್ಳಿಹಾಕಿದನು. 1913ರ ನವೆಂಬರ್ 7ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಬ್ರಾಡ್‌ಸ್ಟನ್ ಗ್ರಾಮದ ತನ್ನ ಮನೆಯಲ್ಲಿ ನಿಧನನಾದನು. ಅಲ್ಲಿಯ ಅವನ ಸಮಾಧಿಯ ಮೇಲೆ ಕಲ್ಲಾಗಿಹೋದ ಪುರಾತನ ಮರದ ಕಾಂಡವೊಂದು ನಿಂತಿದೆ.

ಗರಿಯ ವ್ಯಾಜ್ಯ ಅವನೊಡನೆ ಮುಗಿಯಲಿಲ್ಲ. 1982ರಲ್ಲಿ ಸ್ವೀಡನ್ನಿನ ಮಾಲ್ಟೆ ಆಂಡರ್ಸನ್ ಅವರು ಕೀನ್ಯ ದೇಶದ ಹುಲ್ಲುಗಾವಲಿನಲ್ಲಿ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಅಲ್ಲಿಯ ಒಂದು ಜಾತಿಯ ಗಂಡುಹಕ್ಕಿಗೆ ಅರ್ಧ ಮೀಟರಿನಷ್ಟು ಉದ್ದದ ಬಾಲವಿದೆ. ಕೆಲವು ಹಕ್ಕಿಗಳ ಬಾಲವನ್ನು ಕತ್ತರಿಸಿ, ಆ ತುಂಡನ್ನು ಬೇರೆ ಹಕ್ಕಿಗಳ ಬಾಲಕ್ಕೆ ಅಂಟಿಸಿದರು. ಬಾಲ ಉದ್ದವಾದ ಗಂಡುಗಳ ಎಲ್ಲೆಯೊಳಗೆ ಹೆಚ್ಚು ಹೆಣ್ಣುಗಳು ಗೂಡು ಕಟ್ಟಿದವು. ಹೆಣ್ಣು ಆರಿಸುವುದೆಂಬುದರಲ್ಲಿ ಡಾರ್ವಿನ್ನನೇ ಸರಿಯೆಂದಾಯಿತು. ಮಂಕು ಬಣ್ಣದ ವಿಷಯದಲ್ಲಿ ವಾಲೇಸನ ಪಕ್ಷಕ್ಕೂ ಬಲ ಬಂದಿದೆ. ಕೆಲವು ಪಕ್ಷಿಕುಲಗಳಲ್ಲಿ ಪೂರ್ವಜ ಹೆಣ್ಣುಗಳು ಬಣ್ಣದವಾಗಿದ್ದು, ಆಮೇಲೆ ಮಸುಕಾದವೆಂದು ವಂಶವೃಕ್ಷಗಳ ಅಧ್ಯಯನ ತೋರಿಸಿದೆ.

ಆದರೆ ಹೆಣ್ಣು ಏಕೆ ಆರಿಸುವುದು? ಮೆಚ್ಚಿಗೆಯೂ ಗರಿಯೂ ಒಂದನ್ನೊಂದು ಹಿಗ್ಗಿಸುತ್ತ ಓಡುತ್ತವೆಂದು ಫಿಷರನು 1930ರಲ್ಲಿ ವಿವರಿಸಿದನು. ಅಷ್ಟು ಹೊರೆ ಹೊತ್ತೂ ಬದುಕಿರುವುದೇ ಗಂಡಿನ ಶಕ್ತಿಗೆ ಸಾಕ್ಷಿಯೆಂದು 1975ರಲ್ಲಿ ಇಸ್ರೇಲಿನ ಜಹಾವಿ ಹೇಳಿದನು. ವಾಲೇಸನ ಉಕ್ಕುವ ಚೈತನ್ಯವೇ ಇಲ್ಲಿ ವೇಷ ಮರೆಸಿಕೊಂಡು ಬಂದಂತೆ ನನಗೆ ತೋರುತ್ತದೆ. ರೋಗಾಣುಗಳನ್ನು ತಡೆದುಕೊಂಡ ದೇಹಕ್ಕೆ ಮಾತ್ರ ಬಣ್ಣ ಹೊಳೆಯುವುದೆಂಬುದು 1982ರಲ್ಲಿ ಬಂದ ಮತ. ನವಿಲನ್ನೇ ಕೇಳೋಣವೆಂದರೆ ಅದೂ ಒಂದೇ ಉತ್ತರ ಕೊಟ್ಟಿಲ್ಲ. ಹೆಚ್ಚು ಕಣ್ಣುಗಳಿರುವ ಗರಿಯ ಗಂಡಿಗೆ ಹೆಣ್ಣುಗಳು ಹೆಚ್ಚು ಒಲಿಯುತ್ತವೆಂದು 1991ರಲ್ಲಿ ಇಂಗ್ಲೆಂಡಿನ ಮೇರಿಯನ್ ಪೆಟ್ರಿ ಮತ್ತು ಸಂಗಡಿಗರು ತೋರಿಸಿದರು. ಜಪಾನಿನಲ್ಲಿ ಏಳು ವರ್ಷ ನವಿಲುಗಳನ್ನು ಕಾದು ನೋಡಿದ ಇನ್ನೊಂದು ತಂಡಕ್ಕೆ ಅಂಥ ಒಲವೇನೂ ಕಾಣಲಿಲ್ಲವೆಂದು 2008ರಲ್ಲಿ ಪ್ರಕಟವಾಯಿತು. ಕಣ್ಣುಗಳ ಎಣಿಕೆಯು ಸರಿಯಾದ ಅಳತೆಯಲ್ಲವೆನ್ನುವವರೂ ಇದ್ದಾರೆ, ಊರಿಂದೂರಿಗೆ ಹೆಣ್ಣಿನ ಮೆಚ್ಚಿಗೆಯೇ ಬೇರೆಯಾಗಿರಬಹುದೆನ್ನುವವರೂ ಇದ್ದಾರೆ. ಮಳೆಗಾಲದ ಕೊನೆಗೆ ಗಂಡುನವಿಲು ಆ ಗರಿಗಳನ್ನೆಲ್ಲ ಉದುರಿಸಿಬಿಡುತ್ತದೆ. ದೀಪಾವಳಿಯ ರಜೆಗೆ ಊರಿಗೆ ಹೋದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಹೊಲದ ಬದುವಿನಲ್ಲಿ ಅವನ್ನು ಆಯ್ದುತಂದು ಪುಸ್ತಕದೊಳಗೆ ಇಟ್ಟಿರುವುದನ್ನು ನಾನು ಕಂಡಿದ್ದೇನೆ.